ತೊಗಟೆಯೊಳಗಿನ ಹಸಿರು

ಡಿಸೆಂಬರ್ 3

ಬೀಗಿತ್ತಿಯವರಿಗೆ,

ನಿಮ್ಮ ಕ್ಷೇಮವನ್ನು ಕೊನೆಯಲ್ಲಿ ವಿಚಾರಿಸುತ್ತೇನೆ, ಹಾಳೆಯಲ್ಲಿ ಜಾಗ ಉಳಿದರೆ. ಮೊದಲು ಆ ಚಪ್ಪಲಿ ಡಬ್ಬದ ವಿಷಯ.

ನಿನ್ನೆ ಅಂಚೆಯವನು ಅಂಗಡಿಗೆ ಒಂದು ಪಾರ್ಸೆಲ್ ತಂದುಕೊಟ್ಟ. ಹೆಸರು ನನ್ನ ಮಗನದು, ಅಕ್ಷರ ನಿಮ್ಮ ಮಗಳದು. ಮಗ ಗೋದಾಮಿನಲ್ಲಿದ್ದ. ನಾನೇ ಬಿಚ್ಚಿದೆ. ಒಳಗಿದ್ದದ್ದು ಕಸ. ಒಂದು ಬೋಳು ರೆಂಬೆ, ಒಂದು ಹಿಡಿ ಬಿಳುಚಿಕೊಂಡ ಹುಲ್ಲು, ಯಾವುದೋ ಹಕ್ಕಿಯ ಪುಕ್ಕ, ತೊಗಟೆ ಕೆರೆದ ಒಂದು ಕಡ್ಡಿ. ಜೊತೆಗೆ ಒಂದು ಚೀಟಿ: "ಗೋಡೆಗೆ ರೆಂಬೆಯ ಬಣ್ಣ. ಕಿಟಕಿಗೆ ಹುಲ್ಲಿನದು. ಸೂರಿಗೆ ಪುಕ್ಕದ ಬುಡದ ಬಿಳಿ. ಬಾಗಿಲಿನ ಒಳಮೈಗೆ ಕೆರೆದ ಕಡ್ಡಿಯ ಬಣ್ಣ. ಕೋಣೆ ಹಾಗಾದರೆ ಬರುತ್ತೇನೆ."

ಹಬೆಯಾಡುವ ಚಹಾದ ಲೋಟ ಕೈಯಲ್ಲಿ ಹಿಡಿದುಕೊಂಡೇ ನಾನು ಅದನ್ನು ಎರಡು ಸಲ ಓದಿದೆ. ಚಹಾ ಆರಿಹೋಯಿತು.

ಹತ್ತು ದಿನಕ್ಕೆಂದು ತವರಿಗೆ ಹೋದ ಸೊಸೆ ಎರಡು ತಿಂಗಳಾದರೂ ಬಂದಿಲ್ಲ. ಯಾರಾದರೂ ಕೇಳಿದರೆ "ಅವಳ ತಾಯಿಗೆ ಹುಷಾರಿಲ್ಲ" ಎನ್ನುತ್ತಿದ್ದೇನೆ. ನಿಮ್ಮನ್ನು ಎಷ್ಟು ದಿನ ಹಾಸಿಗೆಯಲ್ಲಿ ಮಲಗಿಸಲಿ? ಈ ಊರಿನವರ ಲೆಕ್ಕದಲ್ಲಿ ನೀವು ಇಷ್ಟು ಹೊತ್ತಿಗೆ ಹೋಗಿಬಿಟ್ಟಿರಬೇಕು.

ಅವಳ ಕೋಣೆಗೆ ಏನು ಕಡಿಮೆಯಾಗಿತ್ತು? ಮದುವೆಗೆ ಮುಂಚೆ ನಾನೇ ಏಣಿಯ ಕೆಳಗೆ ನಿಂತು ಮೂರು ಕೋಟ್ ಹಳದಿ ಹೊಡೆಸಿದ್ದೇನೆ. ನಮ್ಮ ಅಂಗಡಿಯಲ್ಲಿ ಅತಿ ಹೆಚ್ಚು ಓಡುವ ಹಳದಿ ಅದು. ನಿಮಗೆ ಗೊತ್ತಿರಬಹುದು, ಇಲ್ಲದಿದ್ದರೆ ತಿಳಿದುಕೊಳ್ಳಿ: ಅಂಗಡಿ ಕೆಳಗೆ, ಮನೆ ಮೇಲೆ. ಅಡುಗೆಮನೆ ಗಿಳಿ ಹಸಿರು, ಪಡಸಾಲೆ ಕಿತ್ತಳೆ, ನನ್ನ ಕೋಣೆ ನೇರಳೆ. ಗಿರಾಕಿ ಶೇಡ್ ಕಾರ್ಡಿನ ಹೆಬ್ಬೆರಳಗಲದ ಚೌಕ ನೋಡಿ ಮನಸ್ಸು ಮಾಡಲಾರದೆ ನಿಂತರೆ, "ಬನ್ನಿ ಮೇಲೆ" ಎಂದು ಕರೆದುಕೊಂಡು ಹೋಗಿ ಗೋಡೆಯನ್ನೇ ತೋರಿಸುತ್ತೇವೆ. ನನ್ನ ಅತ್ತೆಯ ಕಾಲದಿಂದ ನಡೆದುಬಂದ ಪದ್ಧತಿ. ಬೇರೆ ಅಂಗಡಿಯವರು ಬೋರ್ಡಿಗೆ ದುಡ್ಡು ಸುರಿಯುತ್ತಾರೆ. ನಮಗೆ ನಮ್ಮ ಮನೆಯೇ ಬೋರ್ಡು.

ಅಂಥ ಮನೆಯಲ್ಲಿ ಒಂದು ಕೋಣೆಗೆ ಒಣಕಡ್ಡಿಯ ಬಣ್ಣ ಬಳಿಯಬೇಕಂತೆ. ನೋಡಿದವರು ಇವರ ಮನೆಯಲ್ಲಿ ಏನೋ ಅಶುಭ ನಡೆದಿದೆ ಎಂದುಕೊಳ್ಳುತ್ತಾರೆ.

ತಿಂಗಳ ಕೊನೆಯೊಳಗೆ ಅವಳನ್ನು ಕಳಿಸಿಕೊಡಿ. ಕಸವನ್ನು ಎಸೆಯಲಿಲ್ಲ. ಪರರ ವಸ್ತು ಎಸೆಯುವ ಅಭ್ಯಾಸ ನನಗಿಲ್ಲ.

ಜಾಗ ಮುಗಿಯಿತು.

ನಿಮ್ಮ ಅಳಿಯನ ತಾಯಿ

*

ಡಿಸೆಂಬರ್ 10

ಬಣ್ಣದಮ್ಮನವರಿಗೆ,

ನಾನು ಇನ್ನೂ ಬದುಕಿದ್ದೇನೆ. ನಿಮ್ಮ ಊರಿನವರಿಗೆ ತಿಳಿಸಿ, ಅವರ ದುಃಖ ಕಡಿಮೆಯಾಗಲಿ.

ನಿಮ್ಮ ಪತ್ರ ಬಂದಾಗ ನಾನು ನರ್ಸರಿಯಲ್ಲಿ ಸಸಿಗಳಿಗೆ ಗೋಣಿ ಹೊದಿಸುತ್ತಿದ್ದೆ. ಈ ಬೆಟ್ಟದ ಮೇಲೆ ಈಗ ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಹಪ್ಪಳದಷ್ಟು ತೆಳುವಾಗಿ ಮಂಜುಗಡ್ಡೆ ಕಟ್ಟುತ್ತದೆ. ನೀವು ಮುಟ್ಟಿದರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತೀರಿ. ನಿಮ್ಮ ನಾಲಿಗೆಗೆ ಮಾತ್ರ ಏನೂ ಆಗಲಾರದು, ಅದು ಮೊದಲೇ ಅಷ್ಟು ತಣ್ಣಗಿದೆ.

ನೀವು ಕಸ ಎಂದಿರಿ. ಆ ಕಸ ಹೆಕ್ಕಲು ನನ್ನ ಮಗಳು ನಾಲ್ಕು ಮುಂಜಾನೆ ಅಲೆದಿದ್ದಾಳೆ. ಬಂದ ಹೊಸದರಲ್ಲಿ ಅವಳು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೆ ಕೋಣೆಯ ಬಾಗಿಲು ಹಾಕಿಕೊಂಡರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ತೆರೆಯುವುದು. "ಯಾಕೇ?" ಎಂದು ನಾನು ಕೇಳಲಿಲ್ಲ. ಕೇಳಿದರೆ ನಿಮ್ಮ ಹೆಸರು ಬರುತ್ತದೆ ಎಂದು ಗೊತ್ತಿತ್ತು, ದೀಪ ಹಚ್ಚುವ ಹೊತ್ತಿನಲ್ಲಿ ಅದು ಯಾಕೆ ಎಂದು ಬಿಟ್ಟೆ.

ಎಲೆ ಉದುರಿದ ಮೇಲೆ ಎದ್ದಳು. ಬೇಸಿಗೆಯಲ್ಲಿ ಎಲ್ಲ ಮರವೂ ಒಂದೇ ಹಸಿರು, ಯಾರೂ ಯಾರನ್ನೂ ನೋಡುವುದಿಲ್ಲ. ಚಳಿಗೆ ಬೋಳಾದಾಗ ಒಂದೊಂದರ ಮೈಬಣ್ಣ ಬೇರೆ. ಒಂದು ಬೂದಿಯಲ್ಲಿ ಸ್ವಲ್ಪ ಹಾಲು ಹಾಕಿದ ಹಾಗೆ, ಇನ್ನೊಂದು ಹಳೆಯ ಹಿತ್ತಾಳೆಯ ಹಾಗೆ. ಇಬ್ಬನಿ ಬಿದ್ದ ಹುಲ್ಲು ಬಿಸಿಲೇರುವ ಮುಂಚೆ ಬೆಳ್ಳಿ, ಬಿಸಿಲೇರಿದ ಮೇಲೆ ಜೇನು. ಅವಳು ಅದನ್ನೆಲ್ಲ ನನಗೆ ತೋರಿಸಿ, "ಅಮ್ಮ, ಇಂಥ ಗೋಡೆ ಇದ್ರೆ ಅದು ಏನೂ ಕೂಗಲ್ಲ ನೋಡು" ಅಂದಳು. ಕೂಗದ ಗೋಡೆ. ನಿಮಗೆ ಅರ್ಥವಾಗಲಿಕ್ಕಿಲ್ಲ. ನಿಮ್ಮ ಪಡಸಾಲೆಯಲ್ಲಿ ಒಂದು ಸಲ ಕೂತವಳು ನಾನು. ಆ ಕಿತ್ತಳೆಯ ನಡುವೆ ನಮ್ಮ ಮಾತು ನಮಗೇ ಕೇಳಿಸಿರಲಿಲ್ಲ.

ಒಂದು ಅನುಮಾನ ಮಾತ್ರ ಬರೆದುಬಿಡುತ್ತೇನೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ ಡಬ್ಬ ತೆಗೆದು ಕೊಡುವುದು ಯಾರಿಗೂ ಬರುತ್ತದೆ. ಈ ಬಣ್ಣಗಳನ್ನು ಬೆರೆಸಬೇಕು. ನಿಮಗೆ ಬೆರೆಸಲು ಬಾರದೇ ಕಸ ಎಂದಿರೋ ಏನೋ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

ನಿಮ್ಮ ಸೊಸೆಯ ತಾಯಿ

*

ಡಿಸೆಂಬರ್ 16

ಬೀಗಿತ್ತಿಯವರಿಗೆ,

ನನಗೆ ಬೆರೆಸಲು ಬಾರದ ಬಣ್ಣ ಇನ್ನೂ ಹುಟ್ಟಿಲ್ಲ.

ನಿಮ್ಮ ಪತ್ರ ಓದಿದ ದಿನವೇ ಅಂಗಡಿಯ ಹಿಂದಿನ ಕಟ್ಟೆಯ ಮೇಲೆ ಚಪ್ಪಲಿ ಡಬ್ಬ ಇಟ್ಟುಕೊಂಡು ಕೂತೆ. ಒಂದು ಮಗ್ಗು ಬಿಳಿ. ಅದಕ್ಕೆ ಕಪ್ಪು ನಾಲ್ಕು ಹನಿ. ಕಪ್ಪು ಮಾತ್ರ ಹಾಕಿದರೆ ಬೂದು ಸಿಮೆಂಟಿನ ಹಾಗೆ ಸತ್ತುಹೋಗುತ್ತದೆ. ನಿಮಗೆ ತಿಳಿಯದ ಮಾತು ಇದು. ಅದಕ್ಕೆ ಮಣ್ಣುಹಳದಿ ಸ್ವಲ್ಪ, ಇಟ್ಟಿಗೆ ಕೆಂಪು ಕಡ್ಡಿಯ ತುದಿಯಷ್ಟು. ಹಸಿಯಾಗಿದ್ದಾಗ ಸರಿ ಕಂಡದ್ದು ಒಣಗಿದ ಮೇಲೆ ತಿಳಿಯಾಗುತ್ತದೆ, ಅದಕ್ಕೇ ಹಲಗೆಯ ಚೂರಿಗೆ ಹಚ್ಚಿ, ಬಿಸಿಲಿಗಿಟ್ಟು, ರೆಂಬೆಯ ಪಕ್ಕದಲ್ಲಿ ಹಿಡಿದು ನೋಡಬೇಕು. ಆರನೆಯ ಚೂರು ರೆಂಬೆಯ ಪಕ್ಕದಲ್ಲಿ ಕಾಣದೇ ಹೋಯಿತು. ಎರಡೂ ಒಂದೇ. ನಮ್ಮ ಪೇಂಟರ್ ಮೇಸ್ತ್ರಿ ನೋಡಿ, "ಅಮ್ಮಾವ್ರೇ, ಇದು ಆನೆ ಬಣ್ಣ ಆಯ್ತಲ್ಲ, ಯಾವ ಸರ್ಕಸ್ಸಿಗೆ?" ಎಂದ. ಅವನ ಕೈಗೆ ಪೊರಕೆ ಕೊಟ್ಟು ಗೋದಾಮಿಗೆ ಕಳಿಸಿದೆ.

ಹುಲ್ಲಿನದೂ ಆಯಿತು. ಪುಕ್ಕದ ಬುಡದ ಬಿಳಿ ಏನು ಮಹಾ, ಬಿಳಿಗೆ ಒಂದು ತೊಟ್ಟು ನೀಲಿ.

ತಪ್ಪು ತಿಳಿಯಬೇಡಿ. ಇದನ್ನು ನಾನು ಯಾವ ಗೋಡೆಗೂ ಹಚ್ಚುವವಳಲ್ಲ. ಬಾರದು ಎಂದಿರಲ್ಲ, ಬರುತ್ತದೆ ಎಂದು ತೋರಿಸಿದ್ದು. ಬೂದು ಬಣ್ಣವನ್ನು ನಾನು ಮೂವತ್ತು ವರ್ಷದಿಂದ ಗೋದಾಮಿನವರಿಗೂ ಆಸ್ಪತ್ರೆಯ ಹಿಂಬಾಗಿಲಿಗೂ ಮಾರಿದ್ದೇನೆ. ಹೊಸದಾಗಿ ಮದುವೆಯಾದವರಿಗೆ ಮಾರಿಲ್ಲ.

ಆದರೆ ಆ ಕೆರೆದ ಕಡ್ಡಿ ಏನು? ಕೆರೆದ ಜಾಗದಲ್ಲಿ ಮಾಸಲು ಕಂದು ಇದೆ, ಒಣಗಿದ ಸೇಬಿನ ಹೋಳಿನ ಹಾಗೆ. ಅದನ್ನು ಬಾಗಿಲಿನ ಒಳಮೈಗೆ ಬೇರೆ ಹಚ್ಚಬೇಕಂತೆ. ನಮ್ಮ ಮನೆಯ ಬಾಗಿಲುಗಳು ಒಳಕ್ಕೆ ತೆರೆಯುತ್ತವೆ, ಹಗಲೆಲ್ಲ ತೆರೆದೇ ಇರುತ್ತವೆ, ಒಳಮೈ ಗೋಡೆಗೆ ಒರಗಿಕೊಂಡಿರುತ್ತದೆ. ಯಾರಿಗೂ ಕಾಣದ ಕಡೆಗೆ ಬಣ್ಣ ಬಳಿಯುವುದೆಂದರೆ ಹೊಳೆಗೆ ಹಾಲು ಸುರಿದ ಹಾಗೆ. ಬಣ್ಣದ ಮನೆಗೆ ಸೊಸೆಯಾಗಿ ಬಂದು ಅವಳು ಇಷ್ಟೂ ಕಲಿಯಲಿಲ್ಲವೇ? ತಾಯಿಯಂತೆ ಮಗಳು, ನೂಲಿನಂತೆ ಸೀರೆ. ಮಣ್ಣು ಮಾರುವವರಿಗೆ ಬಣ್ಣದ ಬೆಲೆ ಹೇಗೆ ತಿಳಿಯಬೇಕು.

ಮಗ ಭಾನುವಾರ ಅಲ್ಲಿಗೆ ಬರುತ್ತಾನಂತೆ. ನನಗೆ ಹೇಳಿದ್ದು ಟಿಕೆಟ್ ತೆಗೆಸಿದ ಮೇಲೆ. ಅವನ ಜೊತೆ ಅವಳನ್ನು ಕಳಿಸಿ. ಇದು ಎರಡನೆಯ ಸಲ ಬರೆಯುತ್ತಿರುವುದು.

ನಿಮ್ಮ ಅಳಿಯನ ತಾಯಿ

*

ಡಿಸೆಂಬರ್ 23

ಬಣ್ಣದಮ್ಮನವರಿಗೆ,

ಒಣಗಿದ ಸೇಬಿನ ಹೋಳು ಎಂದು ಓದಿ ಎಷ್ಟು ನಕ್ಕೆನೆಂದರೆ ಪಕ್ಕದ ಮನೆಯವರು ಬೇಲಿಯ ಹತ್ತಿರ ಬಂದು ನಿಂತರು.

ಅದು ಹಸಿರು. ಅವಳು ಕೆರೆದು ಡಬ್ಬಕ್ಕೆ ಹಾಕುವಾಗ ಎಳೆ ಹಸಿರು. ಚಳಿಗಾಲದಲ್ಲಿ ರೆಂಬೆ ಸತ್ತಿದೆಯೋ ಬದುಕಿದೆಯೋ ಎಂದು ತಿಳಿಯಲು ನಾವು ಹೆಬ್ಬೆರಳಿನ ಉಗುರಿನಿಂದ ತೊಗಟೆ ಕೆರೆದು ನೋಡುತ್ತೇವೆ. ಒಳಗೆ ಹಸಿರು ಕಂಡರೆ ಜೀವ ಇದೆ. ಮೇಲೆ ಎಷ್ಟು ಬೂದಾಗಿ ಕಂಡರೂ ಸರಿ. ಆದರೆ ಕೆರೆದು ತೆರೆದಿಟ್ಟರೆ ಆ ಹಸಿರು ಉಳಿಯುವುದಿಲ್ಲ, ಗಾಳಿ ತಗುಲಿ ಕಂದಾಗುತ್ತದೆ. ಅಂಚೆಯ ಚೀಲದಲ್ಲಿ ವಾರ ಕಳೆದ ಮೇಲೆ ನಿಮಗೆ ಸಿಕ್ಕಿದ್ದು ಅದರ ಹೆಣ. ನೀವು ಹೆಣವನ್ನು ಕಣ್ಣಿಗೊತ್ತಿಕೊಂಡು, ಇದೇನು ಬಣ್ಣ ಎಂದು ಕೇಳುತ್ತಿದ್ದೀರಿ.

ನಿಮ್ಮ ಊರಲ್ಲಿ ಚಳಿಯೇ ಇಲ್ಲ, ಗೊತ್ತು. ಆದರೂ ಒಂದು ಮರವಾದರೂ ಇರಬೇಕಲ್ಲ. ಕೆರೆದು ನೋಡಿ. ಉಗುರಿಗೆ ಮಣ್ಣಾದರೆ ನನ್ನನ್ನು ಬೈಯಿರಿ, ಹೇಗೂ ಬೈಯುತ್ತಿದ್ದೀರಿ.

ಅಳಿಯ ಬಂದಿದ್ದ. ಎರಡು ದಿನ ಇದ್ದ. ಒಳ್ಳೆಯ ಹುಡುಗ, ಒಪ್ಪುತ್ತೇನೆ, ಆದರೆ ಚಹಾಕ್ಕೆ ಸಕ್ಕರೆ ಎಷ್ಟು ಎಂದರೆ ಬಾಗಿಲ ಕಡೆ ನೋಡುತ್ತಾನೆ, ನೀವು ಬಂದು ಹೇಳಬೇಕು ಎಂಬಂತೆ. ಅವಳ ಕೋಣೆಯ ಬಾಗಿಲು ಹಾಕಿತ್ತು. ಅವನು ಆಚೆ ನಿಂತು "ಬರ್ಲಾ?" ಎಂದು ಕೇಳಿದ. ಅವಳು ತಕ್ಷಣ ತೆಗೆದಳು. ಆಮೇಲೆ ಅಡುಗೆಮನೆಗೆ ಬಂದು ನನ್ನ ಹತ್ತಿರ, "ಅಲ್ಲಿ ಯಾರೂ ಯಾವತ್ತೂ ಹಾಗೆ ಕೇಳಿದ್ದೇ ಇಲ್ಲ ಅಮ್ಮ" ಎಂದು ನಕ್ಕಳು. ಅದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ.

ಕಳಿಸಲಿಲ್ಲ. ಅವಳು ಗೋಣಿಚೀಲವಲ್ಲ, ಯಾರ ಜೊತೆಗೋ ಹೊರಿಸಿ ಕಳಿಸಲು. ಕೋಣೆ ಆದರೆ ಬರುತ್ತಾಳೆ, ಚೀಟಿಯಲ್ಲಿ ಬರೆದಿದ್ದಾಳೆ. ಹೈಸ್ಕೂಲು ಓದಿದ್ದೀರಿ, ಓದಿಕೊಳ್ಳಿ.

ನಿಮ್ಮ ಸೊಸೆಯ ತಾಯಿ

*

ಜನವರಿ 4

ಬೀಗಿತ್ತಿಯವರಿಗೆ,

ಕೋಣೆ ಆಯಿತು. ಕೂತು ಓದಿ, ನಿಂತು ಓದಿದರೆ ಬಿದ್ದೀರಿ.

ನಿಮ್ಮ ಮಾತಿಗೆ ಅಲ್ಲ. ಮಗ ಅಲ್ಲಿಂದ ಬಂದವನು ಮೂರು ದಿನ ಊಟದ ತಟ್ಟೆ ನೋಡಿಕೊಂಡು ಕೂತ. ನಾಲ್ಕನೆಯ ದಿನ, "ಅಮ್ಮ, ಒಂದು ಕೋಣೆ ತಾನೆ" ಎಂದ. ಹುಟ್ಟಿದ ಮೇಲೆ ಅವನು ನನಗೆ ಎದುರು ಹೇಳಿದ್ದು ಅದೇ ಮೊದಲು. ಹೇಳಿದ ರೀತಿ ನೋಡಿದರೆ ಕೊನೆಯದೂ ಅದೇ ಇರಬಹುದು. ಹೋಗಲಿ ಎಂದು ಮೇಸ್ತ್ರಿಯನ್ನು ಕರೆಸಿದೆ.

ಹಳದಿಯನ್ನು ಮುಚ್ಚುವುದು ಸುಲಭವಲ್ಲ. ಎರಡು ಕೋಟ್ ಬಿಳಿ ಹೊಡೆದ ಮೇಲೂ ಒಳಗಿಂದ ಇಣುಕುತ್ತಿತ್ತು. ನನ್ನ ಬಣ್ಣ, ಅಷ್ಟು ಬೇಗ ಸೋಲುವುದಿಲ್ಲ. ಮೂರನೆಯದಕ್ಕೆ ನಿಂತಿತು. ಅದರ ಮೇಲೆ ನಿಮ್ಮ ರೆಂಬೆಯ ಬೂದು. ಕಿಟಕಿಗೆ ಹುಲ್ಲು. ಬೆಳಿಗ್ಗೆ ಬಿಸಿಲು ಕಿಟಕಿಯಿಂದ ಓರೆಯಾಗಿ ಬಿದ್ದಾಗ ಆ ಗೋಡೆ... ಇರಲಿ. ಚೆನ್ನಾಗಿಯೇ ಬಂದಿದೆ. ಬೆರೆಸಿದವಳು ನಾನಲ್ಲವೇ.

ಹಸಿರಿಗೆ ಅಂಗಡಿಯ ಹಿಂದಿನ ಮರವನ್ನು ಕೆರೆದೆ. ಬೀದಿಯವರು ನೋಡಲಿ ಎಂದು ಹಗಲಿನಲ್ಲೇ ಕೆರೆದೆ, ಕದ್ದು ಮಾಡುವ ಕೆಲಸ ನನ್ನದಲ್ಲ. ಹೌದು, ಹಸಿರು. ಅದು ಕಂದಾಗುವ ಮುಂಚೆ ಬೆರೆಸಬೇಕು, ಅದಕ್ಕೆ ಐದು ಸಲ ಮರದ ಹತ್ತಿರ ಹೋಗಿ ಬಂದೆ. ಮೊಣಕಾಲು ಇನ್ನೂ ನೋಯುತ್ತಿದೆ, ಅದನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಂಡಿದ್ದೇನೆ. ಬಾಗಿಲಿನ ಒಳಮೈಗೆ ಅದನ್ನೇ ಹಚ್ಚಿಸಿದೆ.

ಈಗ ಕೇಳಿ. ಔಷಧ ಅಂಗಡಿಯವರ ಹೆಂಡತಿ ತಮ್ಮ ಪಡಸಾಲೆಗೆ ಗುಲಾಬಿ ಬಣ್ಣ ಕೊಳ್ಳಲು ನಮ್ಮಲ್ಲಿಗೆ ಬಂದವಳು, "ಏನ್ ಆಂಟಿ, ಮೇಲೆ ಏನೋ ಹೊಸದು ಮಾಡ್ಸಿದ್ದೀರಂತೆ" ಎಂದಳು. ಕರೆದುಕೊಂಡು ಹೋಗಿ ತೋರಿಸಿದೆ. ಮಂಚದ ಮೇಲೆ ಕೂತು ಸುತ್ತ ನೋಡಿ, ಗುಲಾಬಿ ಬೇಡ, ಇದೇ ಬೇಕು ಎಂದಳು. ಮಾರನೆಯ ದಿನ ತನ್ನ ತಂಗಿಯನ್ನು ಕರೆತಂದಳು. ಆಮೇಲೆ ಬ್ಯಾಂಕಿನವರು, ಮಕ್ಕಳ ಸಮೇತ. ಆಮೇಲೆ ಯಾರು ಯಾರೋ. ಕಪಾಟನ್ನು ಸ್ವಲ್ಪ ಸರಿಸಿದ್ದೇವೆ, ಗೋಡೆ ಪೂರ್ತಿ ಕಾಣಲಿ ಎಂದು. ಬಾಗಿಲನ್ನು ಅರ್ಧ ಎಳೆದು ಹಸಿರನ್ನೂ ತೋರಿಸುತ್ತೇನೆ. ಎಲ್ಲರೂ "ಅಯ್ಯೋ, ಒಳಗಡೆ ಹಸಿರು" ಎನ್ನುತ್ತಾರೆ. ಅಂಗಡಿಯಲ್ಲಿ ಇದಕ್ಕೆ "ಚಳಿಗಾಲ" ಎಂದು ಹೆಸರಿಟ್ಟು ಬೋರ್ಡು ಬರೆಸಿದ್ದೇನೆ. ಈ ವಾರ ನನ್ನ ಹಳದಿಗಿಂತ ಹೆಚ್ಚು ಓಡಿದ್ದು ನಿಮ್ಮ ಕಸ.

ಇಷ್ಟು ಮರ್ಯಾದೆ ಯಾವ ಅತ್ತೆ ಯಾವ ಸೊಸೆಯ ಕೋಣೆಗೆ ಕೊಟ್ಟಿದ್ದಾಳೆ? ಊರಿಗೆ ಊರೇ ಬಂದು ನೋಡಿ ಹೋಗುತ್ತಿದೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿ. ಬಸ್ಸಿನ ದಿನ ತಿಳಿಸಿದರೆ ಮಗನನ್ನು ನಿಲ್ದಾಣಕ್ಕೆ ಕಳಿಸುತ್ತೇನೆ.

ಈ ಸಲ ಜಾಗ ಉಳಿದಿದೆ. ನೀವು ಕ್ಷೇಮವೇ?

ನಿಮ್ಮ ಅಳಿಯನ ತಾಯಿ

*

ಜನವರಿ 11

ಅಮ್ಮನವರಿಗೆ,

ನಾನು ಕ್ಷೇಮವಾಗಿಲ್ಲ.

ನೀವು ಹೇಳಿದಂತೆ ಓದಿ ಹೇಳಿದೆ. ಒಲೆಯ ಮುಂದೆ ಕೂತು ಕೇಳುತ್ತಿದ್ದಳು. ನೀವು ಮರ ಕೆರೆದದ್ದು ಬಂದಾಗ ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡು ನಕ್ಕಳು. "ಐದು ಸಲ ಹೋದ್ರಾ? ಅತ್ತೇನಾ?" ಎಂದಳು. ಆ ಮುಖ ನಾನು ನೋಡಿ ಬಹಳ ಕಾಲವಾಗಿತ್ತು. ಅವಳ ಪ್ರಯಾಣದ ಪೆಟ್ಟಿಗೆಯನ್ನು ಅಟ್ಟದಿಂದ ಇಳಿಸೋಣ ಎಂದು ನನ್ನ ಮನಸ್ಸಿನಲ್ಲಿ ಬಂದುಹೋಯಿತು.

ಔಷಧ ಅಂಗಡಿಯವಳು ಮಂಚದ ಮೇಲೆ ಕೂತದ್ದು ಬಂತು. ನನ್ನ ಮಗಳು ಎದ್ದಳು. ನಾನು ಓದುತ್ತಲೇ ಇದ್ದೆ, ನನ್ನ ಮಂಕುಬುದ್ಧಿ. ಕಪಾಟು ಸರಿಸಿದ್ದು ಓದುವ ಹೊತ್ತಿಗೆ ಅವಳ ಕೋಣೆಯ ಚಿಲಕ ಬಿದ್ದ ಸದ್ದು ಕೇಳಿತು.

ಮೂರು ತಿಂಗಳಿಂದ ಕೇಳದಿದ್ದದ್ದನ್ನು ಅವತ್ತು ಬಾಗಿಲಿನ ಈಚೆ ನೆಲದ ಮೇಲೆ ಕೂತು ಕೇಳಿದೆ. ಅವಳು ಈಚೆ ಬರದೆ, ಬಾಗಿಲಿನ ಆ ಕಡೆಯಿಂದಲೇ ಹೇಳಿದಳು.

ಜ್ವರ ಬಂದು ಮಲಗಿದ್ದಳಂತೆ. ಸೆಕೆಗೆ ಸೆರಗು ತೆಗೆದು ಪಕ್ಕಕ್ಕಿಟ್ಟಿದ್ದಳಂತೆ. ಮಧ್ಯಾಹ್ನ ಮೂರರ ಹೊತ್ತಿಗೆ ನೀವು ಒಬ್ಬ ಗಿರಾಕಿಯನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಒಳಗೆ ಬಂದಿರಿ. ಆ ಗಂಡಸು ಅವಳ ತಲೆಯ ಮೇಲೆ ಗೋಡೆಗೆ ಬೆರಳಿನಿಂದ ತಟ್ಟಿ ನೋಡಿ, "ಪರ್ವಾಗಿಲ್ಲ, ಮಲ್ಗಿರಮ್ಮ, ನಾವು ಗೋಡೆ ನೋಡೋಕ್ ಬಂದಿರೋದು" ಎಂದನಂತೆ. ನೀವು ಏನಂದಿರಿ ನೆನಪಿದೆಯೇ? "ಸ್ವಲ್ಪ ಆ ಕಡೆ ಸರಿ, ಗೋಡೆ ಕಾಣ್ಲಿ" ಎಂದಿರಿ. ಅವಳು ಸರಿದಳು. ಸರಿದು ಸರಿದು ಇಲ್ಲಿಗೆ ಬಂದಳು.

ಆ ಬಾಗಿಲಿಗೆ ಒಳಗೆ ಚಿಲಕ ಇತ್ತಂತೆ. ಮದುವೆಗೆ ಬಣ್ಣ ಹಚ್ಚುವಾಗ ಬಿಚ್ಚಿಸಿದವರು ಮತ್ತೆ ಹಾಕಿಸಲಿಲ್ಲ. ಬಾಗಿಲಿನ ಒಳಮೈಗೆ ಹಸಿರು ಕೇಳಿದ್ದು ಯಾಕೆ ಎಂದು ನಾನೂ ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಬಾಗಿಲು ಹಾಕಿಕೊಂಡವರಿಗೆ ಮಾತ್ರ ಕಾಣುವ ಬಣ್ಣ ಅದು. ನೀವು ಅದನ್ನು ಅರ್ಧ ಎಳೆದು ಬ್ಯಾಂಕಿನವರ ಮಕ್ಕಳಿಗೆ ತೋರಿಸಿದಿರಿ.

ಅವಳು ಚಳಿಗಾಲವನ್ನೇ ಡಬ್ಬದಲ್ಲಿಟ್ಟು ಕಳಿಸಿದಳು. ನೀವು ಅದನ್ನೂ ಮಾರಿದಿರಿ. ಇನ್ನು ಬರೆಯಬೇಡಿ.

*

ಜನವರಿ 15

ಬೀಗಿತ್ತಿಯವರಿಗೆ,

ಬರೆಯಬೇಡಿ ಎಂದು ನನಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಬರೆಯುತ್ತೇನೆ.

ದೊಡ್ಡ ಅಪರಾಧ ಕಂಡುಹಿಡಿದವರ ಹಾಗೆ ಬರೆದಿದ್ದೀರಿ. ಗಿರಾಕಿ ಬಂದರು, ಗೋಡೆ ನೋಡಿದರು, ಹೋದರು. ಅವಳನ್ನು ಯಾರೂ ನೋಡಲಿಲ್ಲ. ನೋಡಲು ಬಂದದ್ದು ಗೋಡೆ.

ನಾನೂ ಈ ಮನೆಗೆ ಸೊಸೆಯಾಗಿಯೇ ಬಂದವಳು. ಮಗ ಹುಟ್ಟಿ ಮೂರನೆಯ ದಿನ. ಅವನನ್ನು ಎದೆಗೆ ಹಾಕಿಕೊಂಡು ಮಲಗಿದ್ದೆ. ಆಗ ನನ್ನ ಕೋಣೆಗೆ ಆಕಾಶ ನೀಲಿ. ನನ್ನ ಅತ್ತೆ ಐದು ಜನರನ್ನು ಕರೆದುಕೊಂಡು ಬಂದರು. ಇಬ್ಬರು ಗಂಡಸರು. ನಾನು ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಮಗುವನ್ನು ಗೋಡೆಯ ಕಡೆ ತಿರುಗಿಸಿ, ಯಾರೋ ಕೇಳಿದ್ದಕ್ಕೆ ಬಣ್ಣದ ನಂಬರನ್ನೂ ಹೇಳಿದೆ. ಅತ್ತೆ ಆಮೇಲೆ, "ಇವಳು ಬಣ್ಣದ ಮನೆಗೆ ತಕ್ಕವಳು" ಎಂದರು. ಈ ಮನೆಯಲ್ಲಿ ನನಗೆ ಸಿಕ್ಕ ಮೊದಲ ಒಳ್ಳೆಯ ಮಾತು ಅದು. ಮಗು ಅಳುತ್ತಿತ್ತು, ಅವರು ಹೋಗುವವರೆಗೆ ಹಾಲು ಕೊಡಲಿಲ್ಲ. ನಾನೇನು ಸತ್ತೆನೇ? ತವರಿಗೆ ಓಡಿದೆನೇ? ಹುಲ್ಲು ಕಡ್ಡಿ ಆಯ್ದು ಪಾರ್ಸೆಲ್ ಮಾಡಿದೆನೇ?

ಆ ದಿನ ಎಷ್ಟು ಜನ ಬಂದಿದ್ದರು, ಯಾರ ಕೈಯಲ್ಲಿ ಕೊಡೆ ಇತ್ತು ಎಂಬುದು ಕೂಡ ನನಗೆ ಇವತ್ತಿಗೂ ಗೊತ್ತು. ಅಷ್ಟು ಗಟ್ಟಿ ನೆನಪಿನವಳು ನಾನು. ನನಗೆ ನೆನಪಿದೆಯೇ ಎಂದು ನೀವು ಕೇಳುವುದು ಬೇಡ.

ಅವಳು ಬರದಿದ್ದರೆ ಬೇಡ. ಕೋಣೆ ಖಾಲಿ ಇರುವುದಿಲ್ಲ, ಗಿರಾಕಿಗಳು ಬರುತ್ತಲೇ ಇದ್ದಾರೆ.

ನಿಮ್ಮ ಅಳಿಯನ ತಾಯಿ

*

ಫೆಬ್ರವರಿ 2

ಬೀಗಿತ್ತಿಯವರಿಗೆ,

ನೀವು ಉತ್ತರ ಬರೆಯಲಿಲ್ಲ. ಬರೆಯುತ್ತೀರಿ ಎಂದು ನಾನೇನೂ ಕಾಯುತ್ತಿರಲಿಲ್ಲ. ಅಂಚೆಯವನು ದಿನವೂ ಅಂಗಡಿಯ ಮುಂದೆ ಬಂದು, "ಇಲ್ಲಮ್ಮ, ಇವತ್ತೂ ಇಲ್ಲ" ಎಂದು ನಾನು ಕೇಳದಿದ್ದರೂ ಹೇಳಿ ಹೋಗುತ್ತಾನೆ. ಅವನಿಗೆ ಆ ಅಭ್ಯಾಸ ಯಾರು ಮಾಡಿಸಿದರೋ ಗೊತ್ತಿಲ್ಲ.

ವ್ಯವಹಾರದ ವಿಷಯ ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ಮೊನ್ನೆ ಔಷಧ ಅಂಗಡಿಯವರ ಹೆಂಡತಿ ತನ್ನ ನಾದಿನಿಯನ್ನೂ ಅವಳ ಗಂಡನನ್ನೂ ಕರೆದುಕೊಂಡು ಬಂದಳು. ನಾನು ಗಲ್ಲಾದ ಹತ್ತಿರ ಇದ್ದೆ. ಅವಳು ನನ್ನನ್ನು ಕೇಳಲಿಲ್ಲ. "ಬನ್ನಿ ಬನ್ನಿ, ಮೇಲಿದೆ" ಎಂದು ಅವಳೇ ಮುಂದೆ ಮುಂದೆ ಮೆಟ್ಟಿಲು ಹತ್ತಿದಳು, ಅವಳ ತವರುಮನೆಯ ಹಾಗೆ. ಹಿಂದೆ ಆ ಗಂಡಸು. ಅವನ ಕೈಯಲ್ಲಿ ಕೊಡೆ ಇತ್ತು. ಮಳೆಯೂ ಇಲ್ಲ, ಬಿಸಿಲೂ ಇಲ್ಲ, ಯಾಕೆ ಹಿಡಿದಿದ್ದನೋ.

"ಇಳೀರಿ" ಎಂದೆ.

"ಯಾಕ್ ಆಂಟಿ, ಬಣ್ಣ ನೋಡ್ಕೊಂಡ್ ಬರ್ತೀವಿ."

"ಅದು ಬಣ್ಣ ಅಲ್ಲ, ನನ್ನ ಸೊಸೆ ಕೋಣೆ."

"ಅವ್ರು ಇಲ್ವಲ್ಲ."

"ಇಲ್ದಿದ್ರೂ ಅವಳದೇ. ಇಳೀರಿ ಅಂದ್ನಲ್ಲ."

ಇಳಿದರು. ಔಷಧ ಅಂಗಡಿಯವಳ ಮುಖ ಎಷ್ಟು ಉದ್ದವಾಯಿತೆಂದರೆ ಅದಕ್ಕೆ ಎರಡು ಡಬ್ಬ ಪೇಂಟ್ ಬೇಕಾಗುತ್ತಿತ್ತು. ಬೇರೆ ಅಂಗಡಿಗೆ ಹೋದಳಂತೆ. ಹೋಗಲಿ.

ಈಗ ಆ ಬೂದನ್ನು ಒಂದು ದೊಡ್ಡ ಹಲಗೆಗೆ ಹಚ್ಚಿ ಅಂಗಡಿಯಲ್ಲೇ ನಿಲ್ಲಿಸಿದ್ದೇನೆ. ಕಿತ್ತಳೆಗೂ ನೇರಳೆಗೂ ಹಲಗೆ ಮಾಡಿಸುತ್ತಿದ್ದೇನೆ. ಹಲಗೆ ನೋಡಿ ಕೊಳ್ಳದವರು ಗೋಡೆ ನೋಡಿಯೂ ಕೊಳ್ಳುವುದಿಲ್ಲ. ಹಸಿರನ್ನು ಮಾತ್ರ ಹಲಗೆಗೆ ಹಚ್ಚಿಲ್ಲ. ಅದು ಮಾರಾಟಕ್ಕಿಲ್ಲ. "ಚಳಿಗಾಲ" ಎಂಬ ಬೋರ್ಡನ್ನೂ ಇಳಿಸಿದೆ. ನಂಬರ್ ಹಾಕಿದರೆ ಸಾಕು.

ಬಡಗಿಯನ್ನು ಕರೆಸಿ ಕಪಾಟು ಮೊದಲಿನ ಜಾಗಕ್ಕೆ ಸೇರಿಸಿ, ಆ ಬಾಗಿಲಿಗೆ ಚಿಲಕ ಹಾಕಿಸಿದೆ. "ಒಳಗಾ ಹೊರಗಾ ಅಮ್ಮಾವ್ರೇ?" ಎಂದು ಕೇಳಿದ. ಒಳಗೆ ಎಂದೆ. ಹೊರಗಿನದನ್ನು ಬಿಚ್ಚು ಎಂದೆ. ಅವನು ಬಿಗಿಯಾಗಿ ಕೂರಿಸುತ್ತಾನೆ, ಹೆಂಗಸರ ಕೈಗೆ ಜಗ್ಗುವುದಿಲ್ಲ. ಅದಕ್ಕೆ ಅವನು ಹೋದ ಮೇಲೆ ನಾನೇ ಒಳಗೆ ಹೋಗಿ ಬಾಗಿಲು ಹಾಕಿ ಚಿಲಕ ಎಳೆದು ನೋಡಿದೆ. ಸಲೀಸಾಗಿ ಬಿತ್ತು.

ಬಾಗಿಲು ಹಾಕಿದ ಮೇಲೆ ಆ ಹಸಿರು ನನಗೆ ಮೊದಲ ಸಲ ಪೂರ್ತಿ ಕಂಡಿತು. ಹಚ್ಚಿಸಿದವಳು ನಾನೇ, ಆದರೆ ಆ ಬಾಗಿಲನ್ನು ಯಾರೂ ಹಾಕಿರಲಿಲ್ಲ. ಸುತ್ತ ಬೂದು, ಎದುರಿಗೆ ಅದೊಂದು. ಮೊಣಕಾಲು ನೋಯುತ್ತಿತ್ತು ಎಂದು ಮಂಚದ ಮೇಲೆ ಕೂತೆ. ಕೆಳಗಿನಿಂದ ಮಗ "ಅಮ್ಮಾ" ಎಂದು ಕರೆದ. ಯಾರೋ ಗಿರಾಕಿ ಬಂದಿರಬೇಕು. ಎರಡನೆಯ ಸಲ ಕರೆದ. ಮದುವೆಯಾಗಿ ಬಂದ ಮೇಲೆ ಈ ಮನೆಯಲ್ಲಿ ಯಾರು ಕರೆದರೂ ಎರಡನೆಯ ಸಲಕ್ಕೆ ಬಿಟ್ಟವಳಲ್ಲ ನಾನು. ಮೂರನೆಯ ಸಲವೂ ಕರೆದ. ನಾನು ಕೂತೇ ಇದ್ದೆ.

ಇದನ್ನು ಅವಳಿಗೆ ಓದಿ ಹೇಳಬೇಡಿ, ನೀವು ಓದುವ ರೀತಿ ಸರಿಯಿಲ್ಲ. ಕಾಗದ ಅವಳ ಕೈಗೆ ಕೊಡಿ. ಬರುವುದು ಬಿಡುವುದು ಅವಳಿಗೆ ಸೇರಿದ್ದು, ನಾನು ಇನ್ನೊಂದು ಸಲ ಕರೆಯುವುದಿಲ್ಲ. ಚಿಲಕಕ್ಕೆ ಎಣ್ಣೆ ಬಿಟ್ಟಿದ್ದೇನೆ, ಅಷ್ಟೇ ಹೇಳುವುದಿತ್ತು.

ಬಂದರೆ, ಬಾಗಿಲು ತಟ್ಟಿ ಒಳಗೆ ಬರುತ್ತೇನೆ. ಈ ವಯಸ್ಸಿನಲ್ಲಿ ಕಲಿತಳು ಎಂದು ನೀವು ನಗುವುದು ಬೇಡ. ಇನ್ನೂ ಕಲಿತಿಲ್ಲ. ಖಾಲಿ ಕೋಣೆಗೆ ದಿನಾ ಒಂದು ಸಲ ತಟ್ಟಿ ನೋಡುತ್ತಿದ್ದೇನೆ.

ನಿಮ್ಮ ಮಗಳ ಅತ್ತೆ